ಬರೀ ಉಷ್ಣ ಅಂತ ಬಿಟ್ಟಾಗ



ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತ ವೈದ್ಯರಿಗೆಲ್ಲ ಈ ಮಾತುಕತೆ ಪರಿಚಯದ್ದು. ಬಂದ ಹೆಂಗಸು ಮೊದಲು ತಲೆನೋವು ಅನ್ನುತ್ತಾಳೆ, ಆಮೇಲೆ ಸೊಂಟನೋವು ಅನ್ನುತ್ತಾಳೆ. ಚೀಟಿ ಬರೆಸಿಕೊಂಡು ಬಾಗಿಲವರೆಗೂ ಹೋಗಿ, ಏನೋ ನೆನಪಾದವಳ ಹಾಗೆ ತಿರುಗಿ ಬಂದು, ದನಿ ತಗ್ಗಿಸಿ ಹೇಳುತ್ತಾಳೆ: “ಡಾಕ್ಟ್ರಮ್ಮ, ಒಂದಕ್ಕೆ ಹೋದ್ರೆ ಉರಿಯುತ್ತೆ. ಬರೀ ಉಷ್ಣ ಇರ್ಬೇಕು ಬಿಡಿ.” ಎಷ್ಟು ದಿನದಿಂದ ಅಂದರೆ, “ಹಬ್ಬಕ್ಕೆ ಮುಂಚಿಂದ.” ಹಬ್ಬ ಕಳೆದು ಹತ್ತು ದಿನವಾದರೂ ಆಗಿರುತ್ತದೆ.

ಆ ಹತ್ತು ದಿನದಲ್ಲಿ ಮೈಯೊಳಗೆ ಏನೇನು ನಡೆಯಬಹುದು ಅನ್ನುವುದೇ ಇವತ್ತಿನ ಮಾತು. ಮೂತ್ರದ ಸೋಂಕು ತಾನಾಗಿ ದೊಡ್ಡ ಕಾಯಿಲೆ ಅಲ್ಲ. ಸಕಾಲಕ್ಕೆ ಬಂದರೆ ಸಾಮಾನ್ಯವಾಗಿ ಮೂರೋ ಐದೋ ದಿನದ ಮಾತ್ರೆಯಲ್ಲಿ ಹೋಗುವಂಥದ್ದು. ಅದನ್ನು ದೊಡ್ಡದು ಮಾಡುವುದು ಬಹುಪಾಲು ನಾವು ಸುಮ್ಮನೆ ಕಳೆಯುವ ದಿನಗಳು.

ಉಷ್ಣ ಅಂದುಕೊಂಡವರು ಕೈಕಟ್ಟಿ ಕೂರುವುದಿಲ್ಲ, ಅದೂ ನಿಜ. ಬಾರ್ಲಿ ನೀರು ಕಾಯಿಸುತ್ತಾರೆ, ಎಳನೀರು ತರಿಸುತ್ತಾರೆ. ಧನಿಯ, ಜೀರಿಗೆ ರಾತ್ರಿಯೇ ನೆನೆಹಾಕಿ ಬೆಳಿಗ್ಗೆ ಸೋಸಿ ಕುಡಿಯುತ್ತಾರೆ. ಕಾಮಕಸ್ತೂರಿ ಬೀಜ, ನೀರು ಮಜ್ಜಿಗೆ, ನೆತ್ತಿಗೂ ಹೊಕ್ಕುಳಿಗೂ ಹರಳೆಣ್ಣೆ. ಇವನ್ನೆಲ್ಲ ಆಡಿಕೊಳ್ಳಲು ನಾನು ಬಂದಿಲ್ಲ. ಬಿಸಿಲಿನಲ್ಲಿ ಬೆವರಿ, ನೀರು ಸಾಲದೆ ಮೂತ್ರ ಗಾಢ ಹಳದಿಯಾಗಿ ಸ್ವಲ್ಪ ಉರಿದರೆ ಇವುಗಳಿಂದಲೇ ಸರಿಹೋಗುತ್ತದೆ. ಪದೇ ಪದೇ ಸೋಂಕಾಗುವವರಿಗೆ ನೀರು ನಿಜವಾಗಿಯೂ ಸಹಾಯ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಕೂಡ ಇದೆ. ಬಲ್ಗೇರಿಯಾ ದೇಶದಲ್ಲಿ 140 ಹೆಂಗಸರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವರೆಲ್ಲ ಪದೇ ಪದೇ ಈ ಸೋಂಕಿಗೆ ಒಳಗಾಗುತ್ತಿದ್ದವರು, ದಿನಕ್ಕೆ ಕುಡಿಯುತ್ತಿದ್ದ ನೀರೂ ಕಮ್ಮಿ. ಅರ್ಧ ಮಂದಿಗೆ ದಿನವೂ ಒಂದೂವರೆ ಲೀಟರ್ ಹೆಚ್ಚುವರಿ ನೀರು ಕುಡಿಯಲು ಹೇಳಿದರು. ಅವರಲ್ಲಿ ವರ್ಷಕ್ಕೆ ಸರಾಸರಿ 1.7 ಸಲ ಸೋಂಕಾದರೆ, ಉಳಿದವರಲ್ಲಿ 3.2 ಸಲ ಆಯಿತು. ಖರ್ಚಿಲ್ಲದ ಉಪಾಯ. ಆದರೆ ಇದು ಸೋಂಕು ಬಾರದ ಹಾಗೆ ನೋಡಿಕೊಳ್ಳುವ ಮಾತು, ಬಂದು ಬೇರೂರಿದ ಸೋಂಕನ್ನು ಕೀಳುವ ಮಾತಲ್ಲ.

ತೊಡಕು ಇರುವುದು ಬೇರೆ ಕಡೆ. ಆರೋಗ್ಯವಾಗಿರುವ ಹರೆಯದ ಹೆಂಗಸರಲ್ಲಿ, ಸೋಂಕು ಮೂತ್ರಕೋಶದ ಮಟ್ಟದಲ್ಲೇ ಇದ್ದರೆ, ಕೆಲವರಿಗೆ ಅದು ಯಾವ ಔಷಧಿಯೂ ಇಲ್ಲದೆ ವಾರದೊಳಗೆ ತಾನಾಗಿ ಇಳಿಯುತ್ತದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಹಾಗೆ ಇಳಿದಾಗ ಕೀರ್ತಿಯೆಲ್ಲ ಬಾರ್ಲಿ ನೀರಿಗೆ. “ನನಗೂ ಹಿಂಗೇ ಆಗಿತ್ತು, ನಾಲ್ಕು ದಿನ ಬಾರ್ಲಿ ಕುಡಿದೆ, ಹೋಯ್ತು” ಅಂತ ಬೀದಿಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಇಳಿಯದವಳ ಕತೆಯನ್ನು ಯಾರೂ ಹಾಗೆ ಹೇಳುವುದಿಲ್ಲ. ಅವಳ ವಿಷಯದಲ್ಲಿ ಕೇಳಿಬರುವುದು “ಚಳಿಜ್ವರ ಬಂದು ಆಸ್ಪತ್ರೆ ಸೇರಿದಳು, ಕಿಡ್ನಿಗೆ ಏನೋ ಆಯ್ತಂತೆ” ಅಂತ. ಆ ಜ್ವರಕ್ಕೂ ಹದಿನೈದು ದಿನದ ಹಿಂದಿನ ಉರಿಗೂ ನಂಟು ಇತ್ತು ಅನ್ನುವುದು ಮನೆಯವರಿಗೇ ಹೊಳೆದಿರುವುದಿಲ್ಲ. ಹಾಗಾಗಿ ಬಾರ್ಲಿಯ ಲೆಕ್ಕದಲ್ಲಿ ಗೆಲುವುಗಳು ಮಾತ್ರ ಉಳಿಯುತ್ತವೆ.

ಈಗ ಆ ನಂಟು ಏನು ಅಂತ ನೋಡೋಣ. ಮೂತ್ರಕೋಶದಿಂದ ಮೂತ್ರ ಹೊರಬರುವ ದಾರಿ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ 4 ಸೆಂಟಿಮೀಟರ್ ಆಸುಪಾಸು. ಮಲದ್ವಾರವೂ ಪಕ್ಕದಲ್ಲೇ. ಹೆಣ್ಣಿಗೆ ಈ ಕಾಯಿಲೆ ಹೆಚ್ಚಾಗುವುದಕ್ಕೆ ಮೊದಲ ಕಾರಣ ಇದೇ, ಅವಳ ಕೊಳಕಲ್ಲ, ನಡತೆಯಲ್ಲ. ನಮ್ಮ ದೊಡ್ಡ ಕರುಳಿನಲ್ಲಿ ಸದಾ ಇರುವ ಈ-ಕೊಲೈ ಅನ್ನುವ ಬ್ಯಾಕ್ಟೀರಿಯಾ ಹತ್ತರಲ್ಲಿ ಏಳೆಂಟು ಸೋಂಕುಗಳಿಗೆ ಕಾರಣ. ಥಿಯೋಡೋರ್ ಎಷರಿಕ್ ಎಂಬ ಮಕ್ಕಳ ವೈದ್ಯ 1885ರಲ್ಲಿ ಇದನ್ನು ಮೊದಲು ವಿವರಿಸಿದ್ದು ಎಳೆಕೂಸುಗಳ ಮಲದಲ್ಲಿ. ಕರುಳಿನಲ್ಲಿದ್ದರೆ ಅದರಿಂದ ತಕರಾರಿಲ್ಲ. ದಾರಿ ತಪ್ಪಿ ಮೂತ್ರಕೋಶಕ್ಕೆ ಬಂದರೆ ಕಷ್ಟ ಶುರು.

ಮೂತ್ರ ಮಾಡಿದಾಗಲೆಲ್ಲ ಅದು ಕೊಚ್ಚಿಹೋಗಬೇಕಲ್ಲ ಅಂತ ನೀವು ಕೇಳಬಹುದು. ಬಹಳಷ್ಟು ಹೋಗುತ್ತದೆ. ಆದರೆ ಈ ಜಾತಿಯವಕ್ಕೆ ಮೈತುಂಬ ಸೂಕ್ಷ್ಮವಾದ ಎಳೆಗಳಿರುತ್ತವೆ, ತುದಿಯಲ್ಲಿ ಕೊಕ್ಕೆ. ಹೊಲದ ಬದುವಿನಲ್ಲಿ ನಡೆದು ಬಂದವಳ ಸೀರೆಯ ಅಂಚಿಗೆ ಉತ್ತರಾಣಿ ಬೀಜ ಕಚ್ಚಿಕೊಂಡ ಹಾಗೆ ಮೂತ್ರಕೋಶದ ಒಳಗೋಡೆಗೆ ಕಚ್ಚಿಕೊಳ್ಳುತ್ತವೆ. ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಗೋಡೆ ಕೆಂಪಾಗಿ ಊದಿಕೊಳ್ಳುತ್ತದೆ. ಆಗಲೇ ಉರಿ, ಐದು ನಿಮಿಷಕ್ಕೊಮ್ಮೆ ಅವಸರ, ಹೋಗಿ ಕೂತರೆ ನಾಲ್ಕು ಹನಿ, ಕಿಬ್ಬೊಟ್ಟೆ ಹಿಡಿದುಕೊಂಡ ಹಾಗೆ ನೋವು, ಕೆಲವರಿಗೆ ಮೂತ್ರದಲ್ಲಿ ರಕ್ತ. ಇದು ಮೊದಲ ಮಜಲು. ಇಲ್ಲಿ ಸಾಮಾನ್ಯವಾಗಿ ಜ್ವರ ಇರುವುದಿಲ್ಲ.

ಮೂತ್ರಕೋಶಕ್ಕೂ ಮೇಲಿನ ಎರಡು ಕಿಡ್ನಿಗಳಿಗೂ ನಡುವೆ ಎರಡು ನಾಳಗಳು, ಒಂದೊಂದೂ ಒಂದು ಗೇಣಿಗಿಂತ ತುಸು ಉದ್ದ. ಮೂತ್ರ ಇಳಿಯುವ ಆ ದಾರಿಯಲ್ಲೇ ಬ್ಯಾಕ್ಟೀರಿಯಾ ಹತ್ತುತ್ತದೆ. ಕಿಡ್ನಿ ಮುಟ್ಟಿದ ಮೇಲೆ ಕಾಯಿಲೆಯ ಚಹರೆಯೇ ಬೇರೆ. ಇದ್ದಕ್ಕಿದ್ದಂತೆ ಚಳಿ, ಎರಡು ರಗ್ಗು ಹೊದ್ದರೂ ನಿಲ್ಲದ ನಡುಕ, ಆಮೇಲೆ ಕಾದ ಕಾವಲಿಯಂಥ ಜ್ವರ, ವಾಕರಿಕೆ, ಒಂದು ಪಕ್ಕದ ಬೆನ್ನಿನಲ್ಲಿ ನೋವು. ಮೋಸ ಹೋಗುವ ಜಾಗವೂ ಇದೇ. ಎಷ್ಟೋ ಜನಕ್ಕೆ ಈ ಹೊತ್ತಿಗೆ ಉರಿ ಕಮ್ಮಿಯಾಗಿರುತ್ತದೆ, ಕೆಲವರಿಗೆ ಮೊದಲಿನಿಂದಲೇ ಅಷ್ಟಾಗಿ ಇರುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರೂ ಮೂತ್ರದ ಮಾತೇ ಎತ್ತುವುದಿಲ್ಲ. ವೈರಲ್ ಇರಬಹುದು ಅಂತ ಮೂರು ದಿನ ಪ್ಯಾರಾಸಿಟಮಾಲ್ ನುಂಗಿಸುತ್ತಾರೆ. ಜ್ವರ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ.

ಆಸ್ಪತ್ರೆಗೆ ಬಂದಾಗ ನಾವು ಮಾಡುವ ಒಂದು ಸಣ್ಣ ಪರೀಕ್ಷೆ ಇದೆ. ಬೆನ್ನಿನಲ್ಲಿ ಕೊನೆಯ ಪಕ್ಕೆಲುಬು ಬೆನ್ನುಮೂಳೆಗೆ ಸೇರುವ ಮೂಲೆಯ ಮೇಲೆ ಎಡ ಅಂಗೈ ಇಟ್ಟು, ಅದರ ಮೇಲೆ ಬಲಗೈ ಮುಷ್ಟಿಯಿಂದ ಮೆಲ್ಲಗೆ ಗುದ್ದುವುದು. ಬರೀ ಸೊಂಟನೋವಿನವರು ತಡೆದುಕೊಳ್ಳುತ್ತಾರೆ. ಕಿಡ್ನಿ ಬಾತುಕೊಂಡವರು “ಅಯ್ಯೋ” ಅಂತ ಸ್ಟೂಲಿನಿಂದ ಎದ್ದೇ ಬಿಡುತ್ತಾರೆ. ಸ್ಕ್ಯಾನಿಂಗ್ ಇಲ್ಲದ ಊರಿನಲ್ಲೂ ಈ ಗುದ್ದು ಬಹಳ ಹೇಳುತ್ತದೆ.

ಕಿಡ್ನಿಗಳ ಮೂಲಕ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಹೃದಯ ಹೊರದೂಡುವ ರಕ್ತದ ಐದನೇ ಒಂದು ಪಾಲು ಅದು. ಅಲ್ಲಿ ಕೂತ ಸೋಂಕಿಗೆ ರಕ್ತ ಸೇರಲು ಬಹಳ ದೂರ ಹೋಗಬೇಕಿಲ್ಲ. ರಕ್ತ ಸೇರಿ ದೇಹದ ಪ್ರತಿಕ್ರಿಯೆ ಹದ ತಪ್ಪಿದರೆ ಅದಕ್ಕೆ ಸೆಪ್ಸಿಸ್ ಅನ್ನುತ್ತೇವೆ. ರಕ್ತನಾಳಗಳು ಸಡಿಲಾಗಿ ಬಿ.ಪಿ. ಕುಸಿಯುತ್ತದೆ. ಉಸಿರು ಜೋರಾಗುತ್ತದೆ, ಮಾತು ತೊದಲುತ್ತದೆ, ಗೊತ್ತುಗುರಿ ಇರುವುದಿಲ್ಲ, ಮೂತ್ರವೇ ಬರುವುದು ನಿಲ್ಲುತ್ತದೆ. ಆಮೇಲೆ ಲೆಕ್ಕ ದಿನದ್ದಲ್ಲ, ಗಂಟೆಯದು.

ಪತ್ರಿಕೆಗಳಲ್ಲಿ ಓದಿದ ನೆನಪು ಕೆಲವರಿಗಾದರೂ ಇರಬಹುದು. ಬ್ರೆಜಿಲ್ ದೇಶದ ಎಸ್ಪಿರಿಟು ಸಾಂಟು ರಾಜ್ಯದಲ್ಲಿ ಮಾರಿಯಾನಾ ಬ್ರೀಡಿ ಎಂಬ ಇಪ್ಪತ್ತು ವರ್ಷದ ರೂಪದರ್ಶಿ ಇದ್ದರು. 2008ರ ಡಿಸೆಂಬರಿನಲ್ಲಿ ಆಕೆಗೆ ಹುಷಾರು ತಪ್ಪಿತು. ಮೊದಲು ಕಿಡ್ನಿಯ ಕಲ್ಲು ಅಂದುಕೊಂಡರು. ಇದ್ದದ್ದು ಸ್ಯೂಡೊಮೊನಾಸ್ ಅನ್ನುವ, ಸುಲಭಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಮೂತ್ರ ಸೋಂಕು. ಅದು ರಕ್ತಕ್ಕೆ ಸೇರಿ, ಕೈಕಾಲುಗಳಿಗೆ ರಕ್ತ ಹೋಗುವುದು ನಿಂತು, ಎರಡೂ ಕೈ, ಎರಡೂ ಪಾದ ತೆಗೆದರು. 2009ರ ಜನವರಿ 24ರಂದು ಆಕೆ ತೀರಿಕೊಂಡರು. ಇಷ್ಟು ಕ್ರೂರವಾಗುವುದು ಅಪರೂಪ. ಉರಿ ಬಂದವರೆಲ್ಲ ಹೀಗಾಗುತ್ತಾರೆ ಅಂತ ಹೆದರಿಸಲು ಹೇಳುತ್ತಿಲ್ಲ. ವಯಸ್ಸು ಚಿಕ್ಕದು, ಮೈ ಗಟ್ಟಿಯಿದೆ ಅನ್ನುವುದು ಪೂರಾ ರಕ್ಷಣೆಯಲ್ಲ ಅನ್ನುವುದಕ್ಕೆ ಹೇಳಿದೆ.

“ಕಿಡ್ನಿ ಫೇಲ್ ಆಗಿಬಿಡುತ್ತಾ?” ಅಂತ ಎಲ್ಲರೂ ಕೇಳುವ ಪ್ರಶ್ನೆ. ಮೂತ್ರದ ದಾರಿ ಸರಿಯಾಗಿರುವ ಆರೋಗ್ಯವಂತ ದೊಡ್ಡವರಿಗೆ ಒಂದೆರಡು ಸಲ ಸೋಂಕಾದ ಮಾತ್ರಕ್ಕೆ ಕಿಡ್ನಿ ಶಾಶ್ವತವಾಗಿ ಕೆಡುವುದು ಬಹಳ ವಿರಳ. ಆದರೆ ಕೆಲವರಿಗೆ ಈ ಧೈರ್ಯದ ಮಾತು ಹೇಳಲಾಗುವುದಿಲ್ಲ.

ಅವರಲ್ಲಿ ಮೊದಲಿನವಳು ಬಸುರಿ. ಬಸಿರಿನಲ್ಲಿ ಏರುವ ಹಾರ್ಮೋನಿನಿಂದ ಮೂತ್ರನಾಳಗಳು ಸಡಿಲಾಗಿ ಹಿಗ್ಗುತ್ತವೆ, ಬೆಳೆಯುವ ಗರ್ಭ ಅವನ್ನು ಒತ್ತುತ್ತದೆ, ಅದರಲ್ಲೂ ಬಲಗಡೆ ಹೆಚ್ಚು. ಮೂತ್ರ ಅಲ್ಲಲ್ಲೇ ನಿಂತು ನಿಂತು ಇಳಿಯುತ್ತದೆ. ಹೀಗಾಗಿ ಮೂತ್ರಕೋಶದಲ್ಲಿ ಸೇರಿದ ಬ್ಯಾಕ್ಟೀರಿಯಾಕ್ಕೆ ಮೇಲೇರುವುದು ಸಲೀಸು. ಉರಿ ಇಲ್ಲ, ಜ್ವರ ಇಲ್ಲ, ಆದರೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ತುಂಬಿರುವ ಬಸುರಿಯರು ಇರುತ್ತಾರೆ. ಅಮೆರಿಕದ ಬಾಸ್ಟನ್ ನಗರದ ಎಡ್ವರ್ಡ್ ಕಾಸ್ ಎಂಬ ವೈದ್ಯರು 1950ರ ದಶಕದಲ್ಲಿ ಇಂಥವರನ್ನು ಹುಡುಕಿ ಹುಡುಕಿ ಲೆಕ್ಕ ಇಟ್ಟರು. ಮೂತ್ರದ ಒಂದು ಮಿಲಿಲೀಟರಿನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಇದ್ದರೆ ಅದು ನಿಜವಾದ ಸೋಂಕು ಅನ್ನುವ, ಇವತ್ತಿಗೂ ಲ್ಯಾಬುಗಳಲ್ಲಿ ಬಳಕೆಯಲ್ಲಿರುವ ಅಳತೆ ಅವರ ಕೆಲಸದಿಂದ ಬಂದದ್ದು. ಇಂಥ ಬಸುರಿಯರಿಗೆ ಚಿಕಿತ್ಸೆ ಕೊಡದೆ ಬಿಟ್ಟರೆ ನೂರಕ್ಕೆ ಇಪ್ಪತ್ತರಿಂದ ನಲವತ್ತು ಮಂದಿಗೆ ಮುಂದೆ ಕಿಡ್ನಿಯ ಸೋಂಕು ಆಗಬಹುದು ಅಂತ ಗೊತ್ತಾಯಿತು. ಆ ಜ್ವರ ದಿನ ತುಂಬುವ ಮುಂಚೆಯೇ ಹೆರಿಗೆ ನೋವು ತರಿಸಬಹುದು, ಕೂಸು ತೂಕ ಕಮ್ಮಿ ಹುಟ್ಟಬಹುದು.

ನಮ್ಮಲ್ಲಿ ತಾಯಿ ಕಾರ್ಡ್ ಇದೆ, ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆಯೂ ನಡೆಯುತ್ತದೆ. ಆದರೆ ಮೂತ್ರ ಪರೀಕ್ಷೆ ಅಂದಾಗ ಅಲ್ಬುಮಿನ್, ಸಕ್ಕರೆ ಎರಡನ್ನೇ ನೋಡಿ ಮುಗಿಸುವುದು ಎಷ್ಟೋ ಕಡೆ ರೂಢಿ. ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬಹುದೇ ಅಂತ ಒಂದು ಸಲ ಬಾಯಿಬಿಟ್ಟು ಕೇಳಿ. ಮೊದಲ ತಿಂಗಳುಗಳಲ್ಲೇ ಕೇಳಿದರೆ ಒಳ್ಳೆಯದು. ಬಸಿರಿನಲ್ಲಿ ಕೊಡಬಹುದಾದ ಸುರಕ್ಷಿತ ಆಂಟಿಬಯಾಟಿಕ್‌ಗಳಿವೆ. “ಹೊಟ್ಟೆಲಿ ಮಗು ಇದೆ, ಮಾತ್ರೆ ಬೇಡ” ಅನ್ನುವ ಅತ್ತೆಯಂದಿರಿಗೆ ನಾನು ಹೇಳುವುದು ಇಷ್ಟೇ: ಮಗುವಿಗೆ ಮಾತ್ರೆಗಿಂತ ಆ ಜ್ವರ ಹೆಚ್ಚು ಕಷ್ಟ ಕೊಡುತ್ತದೆ, ಅಮ್ಮ.

ಎರಡನೆಯವರು ಸಕ್ಕರೆ ಕಾಯಿಲೆಯವರು. ಇವರ ಮೂತ್ರದಲ್ಲಿ ಸಕ್ಕರೆ ಇರುವುದರಿಂದ ಬ್ಯಾಕ್ಟೀರಿಯಾಕ್ಕೆ ಊಟ ಸಿದ್ಧ. ಸಕ್ಕರೆ ಹತೋಟಿ ತಪ್ಪಿದ್ದರೆ ಸೋಂಕಿನ ಮೇಲೆ ಕಾದಾಡುವ ಬಿಳಿ ರಕ್ತಕಣಗಳೂ ಮಂಕಾಗಿರುತ್ತವೆ. ವರ್ಷಗಟ್ಟಲೆ ಕಾಯಿಲೆ ಇದ್ದವರಿಗೆ ನರಗಳು ಸೊರಗಿ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ, ಉರಿಯೂ ಸರಿಯಾಗಿ ಗೊತ್ತಾಗುವುದಿಲ್ಲ. ಎಷ್ಟೋ ಸಲ ಮೊದಲ ಸುಳಿವು ಸಿಗುವುದು ಗ್ಲುಕೋಮೀಟರಿನಲ್ಲಿ. ಊಟ ಬದಲಾಗಿಲ್ಲ, ಮಾತ್ರೆ ತಪ್ಪಿಲ್ಲ, ಆದರೂ 160 ಇದ್ದದ್ದು 320 ತೋರಿಸುತ್ತದೆ. ಅಂಥ ಹೊತ್ತಿನಲ್ಲಿ ಇನ್ಸುಲಿನ್ ಏರಿಸಿ ಸುಮ್ಮನಾಗದೆ ಮೂತ್ರ ಪರೀಕ್ಷೆ ಮಾಡಿಸಬೇಕು.

ಇವರಲ್ಲಿ ಕಾಣುವ ಒಂದು ಭೀಕರ ರೂಪ ಇದೆ. ಬ್ಯಾಕ್ಟೀರಿಯಾ ಸಕ್ಕರೆಯನ್ನು ಹುದುಗಿಸಿ ಕಿಡ್ನಿಯ ಒಳಗೇ ಅನಿಲ ಉಂಟುಮಾಡುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಬೂದು ಬಣ್ಣದ ಕಿಡ್ನಿ ಕಾಣಬೇಕಾದ ಕಡೆ ಕಪ್ಪು ಕಪ್ಪು ಗುಳ್ಳೆಗಳು ಕಾಣುತ್ತವೆ. ಈ ಸ್ಥಿತಿಗೆ ಬಂದವರಲ್ಲಿ ಬಹುಪಾಲು ಸಕ್ಕರೆ ಕಾಯಿಲೆಯವರೇ. ಬೆನ್ನಿನಿಂದ ನಳಿಗೆ ಹಾಕಿ ಕೀವು ಬಸಿಯಬೇಕಾಗುತ್ತದೆ, ಕೆಲವರಿಗೆ ಆ ಕಿಡ್ನಿಯನ್ನೇ ತೆಗೆಯಬೇಕಾಗುತ್ತದೆ. ಐದು ದಿನದ ಮಾತ್ರೆಗೆ ಆಗುವ ಖರ್ಚೆಲ್ಲಿ, ಐ.ಸಿ.ಯು. ಬಿಲ್ಲೆಲ್ಲಿ! ಜಮೀನು ಅಡವಿಟ್ಟು ಬಂದವರನ್ನು ನೋಡಿದ್ದೇನೆ.

ಕಿಡ್ನಿಯಲ್ಲಿ ಕಲ್ಲಿದ್ದವರದು ಇನ್ನೊಂದು ಬಗೆ. ಕಲ್ಲು ನಾಳಕ್ಕೆ ಸಿಕ್ಕಿಕೊಂಡು, ಅದರ ಹಿಂದೆ ನಿಂತ ಮೂತ್ರ ಸೋಂಕಾದರೆ, ಜೊತೆಗೆ ಚಳಿಜ್ವರ ಬಂದರೆ ಅದು ಅದೇ ದಿನ ದೊಡ್ಡ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ. ಬರೀ ಇಂಜೆಕ್ಷನ್ನಿನಿಂದ ಆಗುವುದಿಲ್ಲ, ಸ್ಟೆಂಟ್ ಹಾಕಿಯೋ ಬೆನ್ನಿನಿಂದ ನಳಿಗೆ ಇಳಿಸಿಯೋ ಆ ಮೂತ್ರಕ್ಕೆ ದಾರಿ ಮಾಡಿಕೊಡಬೇಕು. “ಬಾಳೆದಿಂಡಿನ ರಸ ಕುಡೀತಿದೀನಿ, ಕಲ್ಲು ಇನ್ನೇನು ಬೀಳುತ್ತೆ” ಅಂತ ಜ್ವರದಲ್ಲಿ ಕಾಯುವ ಮಾತಲ್ಲ ಇದು. ಸೋಂಕೇ ಕಲ್ಲನ್ನು ಕಟ್ಟುವುದೂ ಉಂಟು. ಪ್ರೋಟಿಯಸ್ ಅನ್ನುವ ಬ್ಯಾಕ್ಟೀರಿಯಾ ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗುತ್ತದೆ, ಲವಣಗಳು ಗಟ್ಟಿಯಾಗಿ ಕಿಡ್ನಿಯ ಒಳಗಿನ ಪೊಟರೆಗಳನ್ನೆಲ್ಲ ತುಂಬುವ ಕವಲುಗಲ್ಲು ಬೆಳೆಯುತ್ತದೆ. ದೊಡ್ಡ ನೋವಿಲ್ಲದೆ, ತಿಂಗಳುಗಟ್ಟಲೆ ಬೆಳೆಯುತ್ತದೆ.

ಮಕ್ಕಳ ವಿಷಯ ಹೇಳದೆ ಮುಂದೆ ಹೋಗಲಾರೆ. ಎರಡು ವರ್ಷದೊಳಗಿನ ಕೂಸು ಉರಿ ಅಂತ ಹೇಳುವುದಿಲ್ಲ. ನೆಗಡಿ ಇಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ, ಆದರೂ ಜ್ವರ ಬಿಡುತ್ತಿಲ್ಲ, ಹಾಲು ಬಿಟ್ಟಿದೆ, ತೂಕ ಏರುತ್ತಿಲ್ಲ ಅಂದರೆ ಮೂತ್ರ ನೋಡಲೇಬೇಕು. ಹಲ್ಲು ಬರುತ್ತಿದೆ, ದೃಷ್ಟಿಯಾಗಿದೆ ಅಂತ ವಾರ ಕಳೆಯಬಾರದು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಮೂತ್ರ ಮೂತ್ರಕೋಶದಿಂದ ಹಿಂದಕ್ಕೆ, ಕಿಡ್ನಿಯ ಕಡೆಗೆ ಚಿಮ್ಮುವ ದೋಷ ಇರುತ್ತದೆ. ಅಂಥ ಮಗುವಿಗೆ ಪದೇ ಪದೇ ಸೋಂಕಾಗಿ, ಚಿಕಿತ್ಸೆ ತಡವಾದರೆ ಬೆಳೆಯುವ ಕಿಡ್ನಿಯ ಮೇಲೆ ಕಲೆ ಉಳಿಯುತ್ತದೆ. ಆ ಕಲೆ ಹತ್ತು ಹದಿನೈದು ವರ್ಷದ ಮೇಲೆ ಬಿ.ಪಿ.ಯಾಗಿ ಕಾಣಿಸಿಕೊಳ್ಳಬಹುದು, ಕೆಲವರಲ್ಲಿ ಕಿಡ್ನಿ ಸೋಲುವುದಕ್ಕೂ ಕಾರಣವಾಗಬಹುದು. ಗಂಡುಮಗು ಮೂತ್ರ ಮಾಡುವಾಗ ಧಾರೆ ದೂರ ಹೋಗದೆ ತೊಟ್ಟಿಕ್ಕುತ್ತಿದ್ದರೆ ತಾಯಂದಿರು ಅದನ್ನು ವೈದ್ಯರ ಗಮನಕ್ಕೆ ತರಬೇಕು. ಮೂತ್ರದಾರಿಯಲ್ಲಿ ಅಡ್ಡ ಪೊರೆ ಇರುವ ಸಂಭವ ಇರುತ್ತದೆ.

ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಉಳಿದುಕೊಳ್ಳುವುದು, ಮಲಗಿದವರಿಗೆ ಹಾಕಿದ ಕ್ಯಾತಿಟರ್ ತಿಂಗಳುಗಟ್ಟಲೆ ಬದಲಿಸದಿರುವುದು ಸೋಂಕಿಗೆ ದಾರಿ. ಅಜ್ಜ ನಿನ್ನೆವರೆಗೆ ಚೆನ್ನಾಗಿದ್ದವರು ಇವತ್ತು ಮಗಳ ಹೆಸರು ಮರೆತು ಏನೇನೋ ಬಡಬಡಿಸುತ್ತಿದ್ದಾರೆ, ಮೈ ಬಿಸಿ ಇದೆ ಅಂದರೆ ಅರಳುಮರಳು ಅಂತ ಬಿಡಬೇಡಿ. ಇಲ್ಲಿ ಎದುರು ಮಾತೂ ಒಂದಿದೆ. ಯಾವ ತೊಂದರೆಯೂ ಇಲ್ಲದ ವಯಸ್ಸಾದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಗುವುದು ಮಾಮೂಲು. ಬರೀ ರಿಪೋರ್ಟ್ ನೋಡಿ ಅವರಿಗೆ ಆಂಟಿಬಯಾಟಿಕ್ ತುರುಕುವುದು ತಪ್ಪು.

ಇಷ್ಟೆಲ್ಲ ಗೊತ್ತಿದ್ದೂ ತಡ ಯಾಕಾಗುತ್ತದೆ? ಅಜ್ಞಾನ ಅಂತ ಒಂದೇ ಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಂಡ್ಯ, ಮದ್ದೂರು, ರಾಮನಗರದ ಕಡೆಯಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ದಿನಚರಿ ನೋಡಿ. ನಸುಕಿನಲ್ಲಿ ಅಡಿಗೆ ಮುಗಿಸಿ ವ್ಯಾನು ಹತ್ತುತ್ತಾರೆ. ಮೆಷಿನ್ ಮುಂದೆ ಕೂತರೆ ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ಎದ್ದು ಹೋದರೆ ಹಿಂದಿನವರ ಬಂಡಲ್ ನಿಲ್ಲುತ್ತದೆ, ಸೂಪರ್‌ವೈಸರ್ ಕೂಗುತ್ತಾನೆ. ಹೋದರೂ ಅಲ್ಲಿ ಸಾಲು, ನಲ್ಲಿಯಲ್ಲಿ ನೀರಿಲ್ಲ. ಆಮೇಲೆ ಅವರು ಕಂಡುಕೊಳ್ಳುವ ಉಪಾಯ ಒಂದೇ, ನೀರು ಕುಡಿಯದೆ ಇರುವುದು. ಒಬ್ಬ ಹುಡುಗಿಯ ಚೀಲದಲ್ಲಿ ಬೆಳಿಗ್ಗೆ ತುಂಬಿಸಿದ ಬಾಟಲಿ ಸಂಜೆ ಆಸ್ಪತ್ರೆಗೆ ಬಂದಾಗಲೂ ಕತ್ತಿನವರೆಗೆ ತುಂಬಿತ್ತು. “ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಮೇಡಂ” ಅಂದಳು. ಇವಳಿಗೆ ದಿನಕ್ಕೆ ಮೂರು ಲೀಟರ್ ನೀರು ಕುಡಿ ಅಂತ ನಾನು ಚೀಟಿಯಲ್ಲಿ ಬರೆದುಕೊಟ್ಟರೆ ಅದು ಎಂಥ ಉಪದೇಶ? ಕೆಲಸಗಾರರು ಕಾರ್ಖಾನೆಯಲ್ಲಿರುವಷ್ಟು ಹೊತ್ತೂ ಅವರಿಗೆ ಶೌಚಾಲಯ ಕೈಗೆಟುಕುವಂತಿರಬೇಕು, ಹೆಂಗಸರಿಗೆ ಬೇರೆಯೇ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 19ನೇ ಸೆಕ್ಷನ್ನಿನಲ್ಲೇ ಬರೆದಿತ್ತು. ಕೇರಳದ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಕೆಲಸ ಮಾಡಿ, ಒಂದಕ್ಕೆ ಹೋಗಲೂ ಬಿಡುವಿಲ್ಲದ ಹೆಂಗಸರು ಹೋರಾಡಿದ ಮೇಲೆ, 2018ರಲ್ಲಿ ಅಲ್ಲಿ ಕೂರುವ ಹಕ್ಕಿಗೇ ಕಾನೂನು ತಿದ್ದಬೇಕಾಯಿತು. ಬಸ್ ಕಂಡಕ್ಟರ್ ಹೆಣ್ಣುಮಕ್ಕಳು, ಬಂದೋಬಸ್ತಿಗೆ ನಿಂತ ಮಹಿಳಾ ಪೇದೆಯರು, ಬೀಗ ಹಾಕಿದ ಶೌಚಾಲಯದ ಶಾಲೆಯ ಟೀಚರುಗಳು, ಕಬ್ಬು ಕಡಿಯುವವರು, ಎಲ್ಲರದ್ದೂ ಇದೇ ಪಾಡು.

ಇನ್ನೊಂದು ತಡೆ ನಾಚಿಕೆ. ಮದುವೆಯಾದ ಹೊಸತರಲ್ಲಿ ಈ ಸೋಂಕು ಬರುವುದು ಬಹಳ ಸಾಮಾನ್ಯ. ಗಂಡ ಹೆಂಡಿರ ಕೂಡುವಿಕೆಯಲ್ಲಿ ಹೊರಗಿನ ಬ್ಯಾಕ್ಟೀರಿಯಾ ಒಳಕ್ಕೆ ಸರಿಯುತ್ತದೆ, ಅಷ್ಟೆ. ಕೂಡಿದ ಮೇಲೆ ಎದ್ದು ಮೂತ್ರ ಮಾಡಿ ಬಂದರೆ ಒಳ್ಳೆಯದು. ಆದರೆ ಮನೆಗೆ ಬಂದ ಹೊಸ ಸೊಸೆ ಇದನ್ನು ಯಾರ ಹತ್ತಿರ ಹೇಳುತ್ತಾಳೆ? ಹೇಳಿದರೆ, ಅದು ಕೆಟ್ಟ ಕಾಯಿಲೆಯೇನೋ ಅನ್ನುವ ಅನುಮಾನದ ನೋಟ ಎದುರಿಸಬೇಕು. ಇದು ಗುಹ್ಯರೋಗ ಅಲ್ಲ, ಯಾರ ಶೀಲಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಟ್ಟು ನಿಂತ ಹೆಂಗಸರಿಗೂ ಹಾರ್ಮೋನ್ ಇಳಿದು ಅಲ್ಲಿನ ಚರ್ಮ ತೆಳುವಾಗುವುದರಿಂದ ಪದೇ ಪದೇ ಬರುತ್ತದೆ. ಅವರು ಈ ವಯಸ್ಸಿನಲ್ಲಿ ಏನಂತ ಹೇಳಿಕೊಳ್ಳುವುದು ಅಂತ ಸುಮ್ಮನಿರುತ್ತಾರೆ. ಕೇಳಿಸಿಕೊಳ್ಳುತ್ತಿರುವ ಗಂಡಸರಿಗೆ ಒಂದು ಮಾತು: ಮನೆಯ ಹೆಂಗಸು ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರೆ ಕಾರಣ ನೀವೇ ಕೇಳಿ.

ಕೊನೆಗೂ ಮನೆ ಬಿಟ್ಟು ಹೊರಟವರು ಬಹಳ ಜನ ಮುಟ್ಟುವುದು ಆಸ್ಪತ್ರೆಯನ್ನಲ್ಲ, ಮೆಡಿಕಲ್ ಸ್ಟೋರನ್ನು. “ಉರಿಮೂತ್ರಕ್ಕೆ ಏನಾದ್ರೂ ಕೊಡಿ.” ಅವನು ಒಂದು ಸಿರಪ್ಪು, ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಸಿರಪ್ಪು ಮೂತ್ರದ ಹುಳಿಯನ್ನು ಕಮ್ಮಿ ಮಾಡಿ ಉರಿ ತಗ್ಗಿಸುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಮಾತ್ರೆಯೊಂದಿದೆ, ಅದರ ಕೆಲಸ ನೋವು ಮರೆಸುವುದಷ್ಟೇ. ಈ ಸೋಂಕಿಗೆ ಇವತ್ತಿಗೂ ಚೆನ್ನಾಗಿ ನಾಟುವ ನೈಟ್ರೊಫ್ಯುರಾಂಟಾಯಿನ್ ಅನ್ನುವ ಹಳೆಯ ಔಷಧಿ ಹುಳಿಯಿರುವ ಮೂತ್ರದಲ್ಲೇ ಹೆಚ್ಚು ಪರಿಣಾಮಕಾರಿ. ಅದರ ಜೊತೆಗೆ ಈ ಸಿರಪ್ಪು ಕುಡಿದರೆ ಔಷಧಿಯ ಕೈ ಕಟ್ಟಿದಂತೆ. ಇನ್ನು ಅದೇ ಔಷಧಿ ಕಿಡ್ನಿಯ ಮಾಂಸಕ್ಕೆ ಸಾಕಷ್ಟು ಇಳಿಯುವುದಿಲ್ಲ. ಚಳಿಜ್ವರ ಬಂದವರು ಹಳೆಯ ಚೀಟಿ ತೋರಿಸಿ ಅದನ್ನೇ ತಂದು ನುಂಗಿದರೆ ಪ್ರಯೋಜನವಿಲ್ಲ.

ನಾಲ್ಕು ಮಾತ್ರೆಯಲ್ಲಿ ಎರಡು ನುಂಗುವಷ್ಟರಲ್ಲಿ ಉರಿ ನಿಲ್ಲುತ್ತದೆ. ಉಳಿದೆರಡು ದೇವರ ಗೂಡಿನ ಪಕ್ಕದ ಡಬ್ಬಿಗೆ, ಮುಂದಿನ ಸಲಕ್ಕೋ ಪಕ್ಕದ ಮನೆಯವಳಿಗೋ. ಉರಿ ನಿಂತದ್ದು ಊತ ಇಳಿದದ್ದರಿಂದ. ಬ್ಯಾಕ್ಟೀರಿಯಾ ಪೂರಾ ಹೋಗಿದೆ ಅಂತ ಅದರಿಂದ ಹೇಳಲು ಬರುವುದಿಲ್ಲ. ಹೀಗೆ ಅರೆಬರೆ ನುಂಗಿದ, ಬೇಡದ ಕಡೆಯಲ್ಲೆಲ್ಲ ನುಂಗಿದ ಮಾತ್ರೆಗಳ ಫಲವನ್ನು ನೋಡಬೇಕಾದರೆ ಮೈಕ್ರೊಬಯಾಲಜಿ ಲ್ಯಾಬಿಗೆ ಹೋಗಬೇಕು. ಅಂಗೈ ಅಗಲದ ಗಾಜಿನ ತಟ್ಟೆಯಲ್ಲಿ ರೋಗಿಯ ಬ್ಯಾಕ್ಟೀರಿಯಾ 24 ಗಂಟೆಯಲ್ಲಿ ತೆಳುವಾದ ಹಾಸಾಗಿ ಬೆಳೆದಿರುತ್ತದೆ. ಅದರ ಮೇಲೆ ಒಂದೊಂದು ಔಷಧಿ ಸವರಿದ ಬಿಳಿ ಕಾಗದದ ಪುಟ್ಟ ಬಿಲ್ಲೆಗಳು. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ವೃತ್ತ ಬೀಳುತ್ತದೆ. ಈಗ ಬರುವ ಎಷ್ಟೋ ತಟ್ಟೆಗಳಲ್ಲಿ ಹಿಂದೆ ಎಲ್ಲರಿಗೂ ಬರೆದುಕೊಡುತ್ತಿದ್ದ ಸಿಪ್ರೊಫ್ಲಾಕ್ಸಸಿನ್, ಆಂಪಿಸಿಲಿನ್ ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯಾ ಹಬ್ಬಿರುತ್ತದೆ. ರಿಪೋರ್ಟಿನಲ್ಲಿ ಅವುಗಳ ಮುಂದೆ ‘ಆರ್’ ಅಂತ ಬರೆದಿರುತ್ತದೆ, ಬಗ್ಗುವುದಿಲ್ಲ ಅಂತ ಅದರರ್ಥ.

2008ರಲ್ಲಿ ಸ್ವೀಡನ್ ದೇಶದಲ್ಲಿ ಭಾರತೀಯ ಮೂಲದ ಒಬ್ಬರ ಮೂತ್ರದ ಕಲ್ಚರಿನಲ್ಲಿ, ಕೊನೆಯ ಅಸ್ತ್ರ ಅನ್ನುವ ಕಾರ್ಬಪೆನೆಮ್ ಗುಂಪಿನ ಔಷಧಿಗಳನ್ನೂ ಮುರಿಯಬಲ್ಲ ಬ್ಯಾಕ್ಟೀರಿಯಾ ಸಿಕ್ಕಿತು. ಅವರು ಅದಕ್ಕೆ ಮುಂಚೆ ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದವರು. ಔಷಧಿಯನ್ನು ಮುರಿಯುವ ಆ ಕಿಣ್ವಕ್ಕೆ ವಿಜ್ಞಾನಿಗಳು ನವದೆಹಲಿಯ ಹೆಸರನ್ನೇ ಇಟ್ಟರು, ಎನ್‌ಡಿಎಂ-1. 2010ರಲ್ಲಿ ಇದು ಸುದ್ದಿಯಾದಾಗ ನಮ್ಮ ದೇಶದ ಮಾನದ ಪ್ರಶ್ನೆಯಾಗಿ ದೊಡ್ಡ ಗದ್ದಲವೆದ್ದಿತು. ಹೆಸರಿನ ಜಗಳ ಮುಗಿಯಿತು, ಬ್ಯಾಕ್ಟೀರಿಯಾ ಮುಗಿಯಲಿಲ್ಲ. ಕೆಲವು ಪ್ರಬಲ ಆಂಟಿಬಯಾಟಿಕ್‌ಗಳನ್ನು 2014ರ ಮಾರ್ಚ್‌ನಿಂದ ಎಚ್-1 ಪಟ್ಟಿಗೆ ಸೇರಿಸಿ, ಚೀಟಿ ಇಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಅಂತ ನಿಯಮವಾಯಿತು. ಸ್ಟ್ರಿಪ್ಪಿನ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧಿ. ಗೆರೆ ಎಲ್ಲರ ಮನೆಯಲ್ಲೂ ಇದೆ, ನೋಡಿದವರು ಕಮ್ಮಿ.

ಇನ್ನು ಪರೀಕ್ಷೆಗೆ ಮೂತ್ರ ಹಿಡಿಯುವ ಬಗೆ. ಇದನ್ನು ಲ್ಯಾಬಿನ ಕಿಟಕಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಆಂಟಿಬಯಾಟಿಕ್ ಶುರು ಮಾಡುವ ಮುಂಚೆಯೇ ಹಿಡಿಯಬೇಕು. ಮನೆಯ ಔಷಧಿ ಶೀಶೆ ತೊಳೆದು ತರಬೇಡಿ, ಲ್ಯಾಬಿನಲ್ಲಿ ಕೊಡುವ ಅಗಲ ಬಾಯಿಯ ಡಬ್ಬಿಯನ್ನೇ ಬಳಸಿ, ಅದರ ಒಳಗೆ ಬೆರಳು ಹಾಕಬೇಡಿ. ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದುಕೊಂಡು, ಮೊದಲು ಬರುವ ಸ್ವಲ್ಪ ಮೂತ್ರವನ್ನು ಬಿಟ್ಟು, ನಡುವಿನ ಧಾರೆಯನ್ನು ಹಿಡಿದು, ಕೊನೆಯದನ್ನೂ ಬಿಡಬೇಕು. ಹಿಡಿದ ಮೇಲೆ ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಚೀಲದಲ್ಲಿಟ್ಟುಕೊಂಡು ಸಂತೆ ಮುಗಿಸಿ ಹೋದರೆ ಅಷ್ಟರಲ್ಲಿ ಡಬ್ಬಿಯೊಳಗೇ ಬ್ಯಾಕ್ಟೀರಿಯಾ ನೂರ್ಪಟ್ಟಾಗಿ, ಇಲ್ಲದ ಸೋಂಕು ಇದೆ ಅಂತ ಬರುತ್ತದೆ. ಸಾದಾ ಪರೀಕ್ಷೆಯ ಚೀಟಿ ಅವತ್ತೇ ಸಿಗುತ್ತದೆ, ಅದರಲ್ಲಿ ‘ಪಸ್ ಸೆಲ್ಸ್ ಪ್ಲೆಂಟಿ’ ಅಂತಲೋ, 20-25 ಅಂತಲೋ ಬರೆದಿದ್ದರೆ ಕೀವಿನ ಕಣಗಳು ಹೆಚ್ಚಿವೆ ಅಂತ ಅರ್ಥ. ಕಲ್ಚರಿನ ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಅದು ಬರುವವರೆಗೆ ವೈದ್ಯರು ಅಂದಾಜಿನ ಮೇಲೆ ಒಂದು ಔಷಧಿ ಕೊಟ್ಟಿರುತ್ತಾರೆ, ರಿಪೋರ್ಟ್ ಬಂದ ಮೇಲೆ ಅದನ್ನು ಬದಲಿಸಬೇಕಾಗಬಹುದು. ಹಾಗಾಗಿ ಉರಿ ಕಮ್ಮಿಯಾಯಿತು ಅಂತ ರಿಪೋರ್ಟನ್ನು ಲ್ಯಾಬಿನಲ್ಲೇ ಬಿಟ್ಟುಬಿಡಬೇಡಿ, ತಂದು ತೋರಿಸಿ.

ಮಾತ್ರೆ ಮುಗಿದು ತೊಂದರೆ ಹೋದರೆ ಸಾಮಾನ್ಯವಾಗಿ ಮತ್ತೆ ಪರೀಕ್ಷೆ ಬೇಕಿಲ್ಲ, ಬಸುರಿಯರಿಗೆ ಬೇಕು. ಮಾತ್ರೆ ಶುರುಮಾಡಿ ಎರಡು ದಿನವಾದರೂ ಜ್ವರ ಇಳಿಯದಿದ್ದರೆ, ವಾಂತಿಯಾಗಿ ಮಾತ್ರೆಯೇ ನಿಲ್ಲದಿದ್ದರೆ, ಅದೇ ಹೊತ್ತಿಗೆ ವಾಪಸ್ ಬನ್ನಿ. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಸೋಂಕಾದವರು, ಒಂದೇ ಸಲ ಆದರೂ ಗಂಡಸರು ಮತ್ತು ಮಕ್ಕಳು, ಅಲ್ಟ್ರಾಸೌಂಡ್ ಬೇಕೇ ಅಂತ ವೈದ್ಯರನ್ನು ಕೇಳಿ. ಕಲ್ಲೋ, ಅಡ್ಡಿಯೋ, ಖಾಲಿಯಾಗದೆ ಉಳಿದ ಮೂತ್ರವೋ ಅದರಲ್ಲಿ ಕಂಡರೆ ಮುಂದಿನ ಚಿಕಿತ್ಸೆಯೇ ಬೇರೆ.